ಟೆರೇಸ್ ಶೀಟು ಹಳದಿಯಾಗಿದೆ, ನೀವೆಲ್ಲ ಏನು ಮಾಡಿದಿರಿ?

ರಾಜಾಜಿನಗರ: ಬಟ್ಟೆ ಒಗೆಯುವ ಜಾಗದ ಮೇಲಿನ ಪಾಲಿಕಾರ್ಬೊನೇಟ್ (ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್) ಶೀಟು 5 ವರ್ಷಕ್ಕೆ ಹಳದಿಯಾಗಿ ಮಬ್ಬಾಗಿದೆ. ಬದಲಿಸಬೇಕಾ, ಉಜ್ಜಿದರೆ ಸಾಕಾ?

ಜಯನಗರ: 5 ವರ್ಷ ಬಂತಾ? ಪುಣ್ಯವಂತರು. ನನ್ನದು ಎರಡೂವರೆಗೇ ಹೋಯಿತು. ಶೀಟಿಗೆ 13,200, ಕೂಲಿ 5,000, ಗಾಡಿ ಬಾಡಿಗೆ 900, ಸ್ಕ್ರೂ-ವಾಷರ್ 640, ಹುಡುಗರ ಟೀ-ಬನ್ನಿಗೆ 180. ಒಟ್ಟು 19,920. ಚೀಟಿ ಇನ್ನೂ ಇದೆ. ಬಹಳಷ್ಟು ಶೀಟಿಗೆ ಬಿಸಿಲಿನ ಯುವಿ (ನೇರಳಾತೀತ) ಕಿರಣ ತಡೆಯುವ ಪದರ ಇರುವುದು ಒಂದೇ ಮಗ್ಗುಲಿಗೆ. ಯಾವುದು ಮೇಲೆ ಬರಬೇಕು ಅಂತ ಅಂಟಿಸಿದ ಹಾಳೆಯಲ್ಲೇ ಬರೆದಿರುತ್ತದೆ. ಶೀಟು ಹಾಕಲು ಬಂದ ಪುಣ್ಯಾತ್ಮ ಅದನ್ನು ಮೊದಲೇ ಕಿತ್ತೆಸೆದು ಶೀಟನ್ನು ತಿರುವುಮುರುವು ಹಾಕಿ ಹೋಗಿದ್ದ.

ಯಲಹಂಕ: ಅದಕ್ಕೇ ನಾನು ತಗಡು ಹಾಕಿಸಿದ್ದು. 11 ವರ್ಷ, ಒಂದು ಬಿರುಕಿಲ್ಲ.

ಜಯನಗರ: ಹಗಲಲ್ಲೇ ಲೈಟ್ ಹಾಕಿಕೊಂಡು ಬಟ್ಟೆ ಒಗೆಯಿರಿ ಸಾರ್. ಮಳೆ ಬಂದರೆ ಪಕ್ಕದವರ ಮಾತೂ ಕೇಳಿಸಲ್ಲ.

ಯಲಹಂಕ: ನಮ್ಮ ಪಕ್ಕದವರ ಮಾತು ಕೇಳಿಸದಿದ್ದರೇ ವಾಸಿ.

ಬಸವೇಶ್ವರನಗರ: ಶೀಟು ಬಿಡಿ, ನಮ್ಮ ಕುರ್ಚಿ ಕಥೆ ಕೇಳಿ. ಬಿಳಿ ಪ್ಲಾಸ್ಟಿಕ್ ಕುರ್ಚಿ ಆರು, ವರ್ಷಗಟ್ಟಲೆ ಟೆರೇಸಿನಲ್ಲೇ. ಸವರಿದರೆ ಕೈಗೆ ಸುಣ್ಣ ಮೆತ್ತಿದ ಹಾಗೆ ಪುಡಿ. ಧೂಳು ಅಂತ ಸೋಪು ಹಾಕಿ ತೊಳೆದೆವು. ಧೂಳಲ್ಲ ಅದು, ಕುರ್ಚಿಯೇ! ಬಿಸಿಲಿನ ಯುವಿ, ಗಾಳಿಯ ಆಮ್ಲಜನಕ ಎರಡೂ ಸೇರಿ ಮೇಲ್ಪದರದ ಅಣುಸರಪಳಿಯನ್ನು ತುಂಡು ಮಾಡುತ್ತವೆ. ಒಳಗೆ ಗಟ್ಟಿ ಇದ್ದರೂ ಮೇಲಿನ ಕೂದಲೆಳೆ ಬಿರುಕು ಭಾರ ಬಿದ್ದಾಗ ಒಳಗೆ ಓಡುತ್ತದೆ. ಊರು ತಂಪು ಅಂತ ಮರುಳಾಗಬೇಡಿ, ನಾವಿರುವುದು 900 ಮೀಟರ್ ಎತ್ತರದಲ್ಲಿ, ಯುವಿ ಜಾಸ್ತಿಯೇ. ಗೌರಿ ಹಬ್ಬದ ದಿನ ಅತ್ತೆ ಕೂತರು, ಹಿಂದಿನ ಕಾಲು ಪಟ್ ಅಂತ ಮುರಿಯಿತು. ಕುರ್ಚಿಯದ್ದು. ಆದರೂ ಎಕ್ಸ್‌ರೇಗೆ 600, ಆಟೋಗೆ 240. ಮೂಳೆಗೇನೂ ಆಗಿರಲಿಲ್ಲ, ಬೈಗುಳ ಮಾತ್ರ ಇನ್ನೂ ನಿಂತಿಲ್ಲ. ಪಕ್ಕದಲ್ಲೇ ಇದ್ದ ಕಪ್ಪು ನೀರಿನ ಟ್ಯಾಂಕಿಗೆ ಏನೂ ಆಗಿಲ್ಲ ನೋಡಿ. ಅದರೊಳಗಿನ ಕಾರ್ಬನ್ ಮಸಿ ಯುವಿಯನ್ನು ತಾನೇ ಹೀರಿಕೊಳ್ಳುತ್ತದೆ.

ಜೆಪಿ ನಗರ: ಕಾರಿನ ಹೆಡ್‌ಲೈಟೂ ಪಾಲಿಕಾರ್ಬೊನೇಟೇ. ಟೂತ್‌ಪೇಸ್ಟ್ ಹಾಕಿ ಉಜ್ಜಿದೆ, ಫಳಫಳ. ಖರ್ಚು 20 ರೂಪಾಯಿ.

ಮಲ್ಲೇಶ್ವರ: ಇಂಥ ಸಲಹೆ ಕೇಳಿಯೇ ನಾನು ಕೆಟ್ಟೆ. ಹಳದಿ ಜೊತೆ ಉಳಿದಿದ್ದ ಯುವಿ ಕೋಟಿಂಗೂ ಹೋಯಿತು. ನಾಲ್ಕೇ ತಿಂಗಳಿಗೆ ಮೊದಲಿಗಿಂತ ಜಾಸ್ತಿ ಹಳದಿ. ಕೊನೆಗೆ ಜೆಸಿ ರೋಡಿನಲ್ಲಿ ಜೋಡಿಗೆ 7,400 ಕೊಟ್ಟೆ.

ಜೆಪಿ ನಗರ: ಯಾವ ಪೇಸ್ಟ್ ಹಾಕಿದಿರಿ? ಜೆಲ್ ಆದರೆ ತಪ್ಪು ನಿಮ್ಮದೇ.

ಮಲ್ಲೇಶ್ವರ: ಸ್ವಾಮಿ, ಅದು ಹಲ್ಲಲ್ಲ. ಉಜ್ಜಿದ ಮೇಲೆ ಯುವಿ ಕೋಟಿಂಗ್ ಮತ್ತೆ ಹೊಡೆಯಬೇಕು. ಅದನ್ನು ಯಾಕೆ ಹೇಳಲ್ಲ ನೀವು?

ಯಲಹಂಕ: ತಗಡಿಗೆ ಇದ್ಯಾವ ರಗಳೆಯೂ ಇಲ್ಲ.

ಜಯನಗರ: ತುಕ್ಕು? 11 ವರ್ಷದಲ್ಲಿ ಪೇಂಟ್ ಎಷ್ಟು ಸಲ ಹೊಡೆಸಿದಿರಿ, ಲೆಕ್ಕ ಕೊಡಿ.

ಯಲಹಂಕ: ಎರಡೇ ಸಲ. ಮೂರನೆಯದು ಬರೀ ಅಂಚಿಗೆ.