ಸಹಾಯ ಬೇಕು: ತುಂಗಭದ್ರೆಯ ಹಸಿರು ನೀರನ್ನು ಪರೀಕ್ಷಿಸುವವರು ಇದ್ದೀರಾ?

ನಮಸ್ಕಾರ. ನಮ್ಮೂರು ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿದೆ. ಊರುಗಳ ಚರಂಡಿ ನೀರು, ಗದ್ದೆಗಳ ಗೊಬ್ಬರ ಎಲ್ಲವೂ ಬಂದು ಸೇರುವ ನದಿಯಿದು. ಎರಡು ವಾರದಿಂದ ದಡದ ನೀರು ಹಸಿರು ಬಣ್ಣ ಕದಡಿದಂತಿದೆ. ಗಾಜಿನ ಜಾಡಿಯಲ್ಲಿ ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟೆ. ಬೆಳಿಗ್ಗೆ ಹಸಿರೆಲ್ಲ ಕೆನೆಗಟ್ಟಿ ಮೇಲೆ ನಿಂತಿತ್ತು. ಹೀಗೆ ತೇಲುವುದರಿಂದ ಇದು ಸಯನೋಬ್ಯಾಕ್ಟೀರಿಯಾ (ನೀಲಿ-ಹಸಿರು ಪಾಚಿ ಎನ್ನುವ ಸೂಕ್ಷ್ಮಜೀವಿ), ಬಹುಶಃ ಅದರಲ್ಲೇ ವಿಷ ಉಂಟುಮಾಡಬಲ್ಲ ಮೈಕ್ರೋಸಿಸ್ಟಿಸ್ ಎಂಬ ಅನುಮಾನ ನನ್ನದು. ಹಾಗಿದ್ದರೆ ಅದರ ವಿಷ ನೀರು ಕುದಿಸಿದರೂ ಹೋಗುವುದಿಲ್ಲ. ದನಗಳು ಅದನ್ನೇ ಕುಡಿಯುತ್ತಿವೆ, ಮಕ್ಕಳು ಅಲ್ಲೇ ಈಜುತ್ತಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ.

ವಾರಕ್ಕೊಮ್ಮೆ ನಾಲ್ಕು ಕಡೆ ಮಾದರಿ ತೆಗೆಯಲು ನಾನು ಸಿದ್ಧ. ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸಬಲ್ಲವರು, ಮೈಕ್ರೋಸಿಸ್ಟಿನ್ ಎಂಬ ಆ ವಿಷದ ಪ್ರಮಾಣ ಅಳೆಯುವ ಪ್ರಯೋಗಾಲಯ ಬಲ್ಲವರು ದಯವಿಟ್ಟು ತಿಳಿಸಿ. ಮಾದರಿ ಕೆಡದಂತೆ ಲುಗೋಲ್ ಅಯೋಡಿನ್ ದ್ರಾವಣ ಹಾಕಿ ಕಳುಹಿಸಲೇ, ಐಸ್‌ನಲ್ಲಿಟ್ಟು ನಾನೇ ತರಲೇ?