ಇಂಗ್ಲೆಂಡಿನಲ್ಲಿ ಮಿಡ್‌ವೈಫರಿ ಓದುವವರ ಒಂದು ದಿನ ಹೇಗಿರುತ್ತದೆ? ಅನುಭವ ಹೇಳಿ

ಪ್ರಶ್ನೆ

ಅಕ್ಕಂದಿರೇ, ಇಂಗ್ಲೆಂಡಿನಲ್ಲಿ ಮೂರು ವರ್ಷದ ಮಿಡ್‌ವೈಫರಿ (ಹೆರಿಗೆ ಮಾಡಿಸುವ, ಗರ್ಭಿಣಿ ಬಾಣಂತಿಯರನ್ನು ನೋಡಿಕೊಳ್ಳುವ ಕೆಲಸ) ಪದವಿಗೆ ನನಗೆ ಸೀಟು ಸಿಕ್ಕಿದೆ. ಸೆಪ್ಟೆಂಬರಿನಲ್ಲಿ ಹೊರಡಬೇಕು. ನಮ್ಮೂರು ಹಾಸನದ ಹತ್ತಿರ. ಕೋರ್ಸಿನ ವಿವರ ಎಲ್ಲ ಓದಿದ್ದೇನೆ. ಆದರೆ ಒಂದು ದಿನ ಹೇಗೆ ಶುರುವಾಗಿ ಹೇಗೆ ಮುಗಿಯುತ್ತದೆ ಅಂತ ಯಾರೂ ಹೇಳುತ್ತಿಲ್ಲ. ರಕ್ತ ಕಂಡರೆ ನನಗೆ ಭಯವಿಲ್ಲ. ಒಬ್ಬಳೇ ಇರುವುದಕ್ಕೆ ಭಯ. ಓದುತ್ತಿರುವವರು, ಓದಿ ಮುಗಿಸಿದವರು ದಯವಿಟ್ಟು ಹೇಳಿ.

ಮೂರನೇ ವರ್ಷದ ವಿದ್ಯಾರ್ಥಿನಿ, ಇಂಗ್ಲೆಂಡ್

ನಾನು ತುಮಕೂರು ಕಡೆಯವಳು. ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ಡಿಸೆಂಬರ್ ನೆನಪಾಯಿತು. ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಿದ್ದ. ಕತ್ತಲಲ್ಲಿ ಡ್ಯೂಟಿಗೆ ಹೋಗಿ ಕತ್ತಲಲ್ಲೇ ವಾಪಸ್ ಬರುತ್ತಿದ್ದೆ.

ಕೋರ್ಸಿನ ಅರ್ಧ ಭಾಗ ತರಗತಿ, ಇನ್ನರ್ಧ ಆಸ್ಪತ್ರೆ. ಡ್ಯೂಟಿ ಇದ್ದ ದಿನ ಐದಕ್ಕೆ ಏಳುತ್ತೇನೆ. ಏಳೂವರೆಗೆ ರಾತ್ರಿ ಪಾಳಿಯವರು ಒಪ್ಪಿಸಿ ಹೋಗುತ್ತಾರೆ. ಯಾವ ರೂಮಿನಲ್ಲಿ ಯಾರಿದ್ದಾರೆ, ಎಷ್ಟನೇ ಹೆರಿಗೆ, ನೀರು ಯಾವಾಗ ಒಡೆಯಿತು, ಎಲ್ಲವನ್ನೂ ಚುಟುಕಾಗಿ, ಅರ್ಧಂಬರ್ಧ ಪದಗಳಲ್ಲಿ ಹೇಳುತ್ತಾರೆ. ಮೊದಲ ತಿಂಗಳು ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಕೇಳಿ. ಎರಡು ಸಲ ಕೇಳಿದರೂ ಯಾರೂ ಬೈಯುವುದಿಲ್ಲ. ಮೊಣಕೈ ಕೆಳಗೆ ಬಳೆ, ವಾಚು ಯಾವುದೂ ಹಾಕುವಂತಿಲ್ಲ. ವಾಚನ್ನು ಎದೆಗೆ ತಲೆಕೆಳಗಾಗಿ ಸಿಕ್ಕಿಸಿಕೊಳ್ಳುತ್ತೇವೆ.

ಆಮೇಲೆ ಕಾಯುವುದು. ಹೆರಿಗೆ ಮಾಡಿಸುವುದು ಅಂದರೆ ಜಾಸ್ತಿ ಹೊತ್ತು ಪಕ್ಕದಲ್ಲಿ ಕೂತಿರುವುದು. ಎಲ್ಲ ಸರಿಯಾಗಿದ್ದರೆ 15 ನಿಮಿಷಕ್ಕೊಮ್ಮೆ, ನೋವು ಬಂದು ಹೋದ ತಕ್ಷಣ, ಪೂರ್ತಿ ಒಂದು ನಿಮಿಷ ಮಗುವಿನ ಎದೆಬಡಿತ ಕೇಳುತ್ತೇವೆ. ಅದು ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು. ತಾಯಿ ಮಗುವನ್ನು ಹೊರಗೆ ದೂಡಲು ತಿಣುಕುವ ಹೊತ್ತಿಗೆ ಐದು ನಿಮಿಷಕ್ಕೊಮ್ಮೆ ಕೇಳಬೇಕು. ಉಳಿದ ಹೊತ್ತು ಸೊಂಟ ನೀವುವುದು, ನೀರು ಕುಡಿಸುವುದು, ಇಲ್ಲವೇ ಸುಮ್ಮನಿರುವುದು. ನನಗೆ ತುಂಬ ಕಷ್ಟವಾಗಿದ್ದು ಈ ಸುಮ್ಮನಿರುವುದೇ. ಏನಾದರೂ ಮಾಡುತ್ತಿದ್ದರೆ ಮಾತ್ರ ಕೆಲಸ ಅಂದುಕೊಂಡಿದ್ದೆ.

ಹೆರಿಗೆಗೆ ಬಂದಾಕೆಯನ್ನು ಮುಟ್ಟುವ ಮುಂಚೆ ಪ್ರತಿ ಸಲ ಒಪ್ಪಿಗೆ ಕೇಳಬೇಕು. ವಿದ್ಯಾರ್ಥಿ ಬೇಡ ಅಂತಲೂ ಆಕೆ ಹೇಳಬಹುದು. ನನಗೆ ಮೊದಲ ಸಲ ಹಾಗೆ ಹೇಳಿದಾಗ, ನನ್ನ ಬಣ್ಣ ನೋಡಿ ಹೇಳಿದರು ಅಂದುಕೊಂಡು ಬಾತ್‌ರೂಮಿಗೆ ಹೋಗಿ ಅತ್ತೆ. ಹಿಂದಿನ ಹೆರಿಗೆಯಲ್ಲಿ ಆಕೆಯ ರೂಮಿನ ತುಂಬ ಜನ ಸೇರಿದ್ದರು, ಅದಕ್ಕೇ ಹೆದರಿದ್ದಾಳೆ ಅಂತ ಸಂಜೆ ಗೊತ್ತಾಯಿತು.

ಪಾಸಾಗಲು ಕನಿಷ್ಠ 40 ಹೆರಿಗೆ ನಮ್ಮ ಕೈಯಲ್ಲಿ ಆಗಬೇಕು. ಜೊತೆಗೆ 100 ಗರ್ಭಿಣಿಯರ ತಪಾಸಣೆ, 100 ಬಾಣಂತಿಯರ ತಪಾಸಣೆ. ಮೊದಲ ವರ್ಷದ ಕೊನೆಗೆ ನನ್ನ ಲೆಕ್ಕ ಏಳು, ಗೆಳತಿಯದು ಹದಿನೈದು. ಆ ಚಿಂತೆಯಲ್ಲಿ ನಿದ್ದೆ ಕೆಡಿಸಿಕೊಂಡೆ. ಹತ್ತು ತಾಸು ಪಕ್ಕದಲ್ಲಿ ಕೂತರೂ ಕೊನೆಗೆ ಸಿಸೇರಿಯನ್ ಆದರೆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಾನು ಜಾಸ್ತಿ ಕಲಿತಿದ್ದು ಅಂಥ ದಿನಗಳಲ್ಲೇ. ಆಕೆಯನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ಯುವಾಗ ಕೈ ಬಿಡದೆ ಹಿಡಿದುಕೊಂಡು ಹೋಗಿದ್ದೇನೆ. ಆ ಲೆಕ್ಕದಲ್ಲಿ ಅದಕ್ಕೆ ಯಾರೂ ಸಹಿ ಹಾಕುವುದಿಲ್ಲ.

ಇದನ್ನೂ ಹೇಳಬೇಕು. ಎರಡನೇ ವರ್ಷದಲ್ಲಿ ಹೊಟ್ಟೆಯಲ್ಲೇ ತೀರಿಕೊಂಡ ಮಗುವಿನ ಹೆರಿಗೆಗೆ ಇದ್ದೆ. ಅಲ್ಲಿ ಮಗುವನ್ನು ತಂಪು ಮಾಡುವ ತೊಟ್ಟಿಲಿನಲ್ಲಿ ಮಲಗಿಸಿ, ತಂದೆತಾಯಿ ಬೇಕೆಂದಷ್ಟು ಹೊತ್ತು ಜೊತೆಗಿರಲು ಬಿಡುತ್ತಾರೆ. ಪಾದದ ಅಚ್ಚು ತೆಗೆದುಕೊಡುತ್ತಾರೆ. ಆ ಅಚ್ಚು ತೆಗೆದವಳು ನಾನು. ಮಗುವಿಗೆ ಸ್ನಾನ ಮಾಡಿಸುವಾಗ ನೀರು ಬೆಚ್ಚಗಿರಲಿ ಅಂದಳು ತಾಯಿ. ಬೆಚ್ಚಗೆ ಮಾಡಿದೆವು. ರಾತ್ರಿ ಎಂಟಕ್ಕೆ ಡ್ಯೂಟಿ ಬಿಟ್ಟಾಗ ಊರಲ್ಲಿ ಒಂದೂವರೆ. ಆದರೂ ಅಮ್ಮನಿಗೆ ಫೋನ್ ಮಾಡಿದೆ. ಆಸ್ಪತ್ರೆಯ ವಿಷಯ ಹೊರಗೆ ಹೇಳುವಂತಿಲ್ಲ. ಅಮ್ಮ ಏನೂ ಕೇಳಲಿಲ್ಲ. ಬಸ್ ಬರುವ ತನಕ ಫೋನ್ ಇಡಲಿಲ್ಲ.

'ಸೂಲಗಿತ್ತಿ ಕೆಲಸ ಕಲಿಯಲು ಅಷ್ಟು ದೂರ ಯಾಕೆ' ಅಂದಿದ್ದು ಇದೇ ಅಮ್ಮ. ನಮ್ಮ ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾನು ಪಿಯುಸಿಯಲ್ಲಿದ್ದೆ. ಓದು ಬಾರದ ಆ ಅಜ್ಜಿ ಸಾವಿರಾರು ಹೆರಿಗೆಗಳನ್ನು ದುಡ್ಡು ತೆಗೆದುಕೊಳ್ಳದೆ ಮಾಡಿಸಿದವರು. ನನಗೆ ಈ ಕೆಲಸದ ಆಸೆ ಹುಟ್ಟಿದ್ದೇ ಅವರಿಂದ.

ಐರ್ಲೆಂಡಿನಲ್ಲಿ ಓದಿ ಮುಗಿಸಿದವರು

ನೋಡಮ್ಮ, ನಾನು ಓದಿದ್ದು ಇಲ್ಲಿ, ನಾಲ್ಕು ವರ್ಷದ ಕೋರ್ಸು. ಕೊನೆಯ ವರ್ಷ 36 ವಾರ ಸಂಬಳ ಕೊಟ್ಟು ದುಡಿಸಿಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ, ಕೇಳಿಕೊಂಡು ಹೊರಡು.

ಒಬ್ಬಳೇ ಅನ್ನುವ ಭಯ ನನಗೂ ಇತ್ತು. ಒಂದು ರಾತ್ರಿ ಹೆರಿಗೆ ರೂಮಿನಿಂದ 'ಅಯ್ಯೋ ಅಮ್ಮಾ, ಆಗಲ್ಲ' ಅಂತ ಕೇಳಿಸಿತು. ಒಳಗೆ ಹೋಗಿ 'ಆಗುತ್ತೆ ಕಣಮ್ಮ, ಇನ್ನು ಸ್ವಲ್ಪ' ಅಂದೆ. ಆ ಹುಡುಗಿ ನನ್ನ ಕೈ ಹಿಡಿದವಳು ಮಾಸು ಬೀಳುವ ತನಕ ಬಿಡಲಿಲ್ಲ. ಅವಳ ಅತ್ತೆಗೆ ಎಣ್ಣೆನೀರು, ಹೊಟ್ಟೆಗೆ ಬಟ್ಟೆ ಕಟ್ಟುವುದು ಎಲ್ಲ ಆಗಬೇಕಿತ್ತು. ಇಲ್ಲಿ ಹೆತ್ತ ಮೇಲೆ ಟೀ, ಟೋಸ್ಟು ಕೊಟ್ಟು, ಬೇಗ ನಡೆಸಿ, ಮನೆಗೆ ಕಳಿಸುತ್ತಾರೆ. ನಮ್ಮ ಬಾಣಂತನ ಗೊತ್ತಿರುವ ನೀನು ನಮ್ಮವರಿಗೂ ಆಸ್ಪತ್ರೆಯವರಿಗೂ ಅರ್ಥವಾಗುವ ಹಾಗೆ ಮಾತಾಡಬಲ್ಲೆ. ಅದು ದೊಡ್ಡ ಶಕ್ತಿ.

ಕೇಳಿದವರು

ಓದುತ್ತಾ ಕಣ್ಣು ತುಂಬಿತು. ತುಂಬಾ ಥ್ಯಾಂಕ್ಸ್. ಹೊರಡುವ ಮುಂಚೆ ಏನು ಮಾಡಿಕೊಳ್ಳಲಿ? ಅಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡಲು ಆಗುತ್ತದಾ?

ಮೂರನೇ ವರ್ಷದ ವಿದ್ಯಾರ್ಥಿನಿ

ದುಡ್ಡಿನ ವಿಷಯ ಮನೆಯಲ್ಲಿ ಈಗಲೇ ಬಿಚ್ಚಿ ಮಾತಾಡಿ. ಆಸ್ಪತ್ರೆ ತರಬೇತಿಗೆ ಸಂಬಳವಿಲ್ಲ. ಇಲ್ಲಿನವರಿಗೆ ಸಿಗುವ ವರ್ಷಕ್ಕೆ 5,000 ಪೌಂಡಿನ ನೆರವೂ ನಮಗಿಲ್ಲ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಲು ವೀಸಾ ಬಿಡುತ್ತದೆ. ಆದರೆ ಹನ್ನೆರಡು ತಾಸಿನ ಮೂರು ಪಾಳಿ ಮುಗಿಸಿದ ವಾರ ಮೈ ಬಿಡುವುದಿಲ್ಲ.

ಲಸಿಕೆ ದಾಖಲೆ ಹುಡುಕಿಡಿ. ಹೆಪಟೈಟಿಸ್ ಬಿ ಮೂರು ಡೋಸಿಗೆ ಆರು ತಿಂಗಳು ಹಿಡಿಯಬಹುದು, ಇವತ್ತೇ ಶುರು ಮಾಡಿ. ಕಾರು ಓಡಿಸಲು ಕಲಿತು ಬನ್ನಿ. ಬಾಣಂತಿಯರ ಮನೆಮನೆಗೆ ಹೋಗುವ ತಿಂಗಳುಗಳಲ್ಲಿ ಬಸ್ ನಂಬಿ ನಾನು ತುಂಬಾ ಪಾಡುಪಟ್ಟೆ. ನಮ್ಮ ಲೈಸೆನ್ಸ್ ಇಲ್ಲಿ 12 ತಿಂಗಳು ನಡೆಯುತ್ತದೆ, ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಬೇಕು.

ಅಮ್ಮನಿಗೆ ಫೋನ್ ಮಾತ್ರ ಬೆಳಿಗ್ಗೆ ಬಸ್ಸಿನಲ್ಲಿ ಮಾಡಿ. ಆರೂವರೆಗೆ ಮಾಡಿದರೆ ಚಳಿಗಾಲದಲ್ಲಿ ಹಾಸನದಲ್ಲಿ ಮಧ್ಯಾಹ್ನ ಹನ್ನೆರಡು. ಅಡುಗೆ ಆಗುತ್ತಿರುತ್ತದೆ, ಒಗ್ಗರಣೆ ಸಿಡಿಯುವುದು ಕೇಳಿಸುತ್ತದೆ. ನಾನು ಈಗಲೂ ಹಾಗೇ ಮಾಡುತ್ತೇನೆ.