ಆ್ಯಕ್ಸಿಡೆಂಟ್ ಆಯ್ತು, ಬಾಡಿಗೆ ಕಾರಿನ ದುಡ್ಡು ಇನ್ಶೂರೆನ್ಸ್‌ನವರು ಕೊಡ್ತಾರಾ?

ಪ್ರಶ್ನೆ (ಸುಂಟಿಕೊಪ್ಪದಿಂದ): ಸರ್, ನಮಸ್ಕಾರ. ಕಳೆದ ವಾರ ಬೋಯಿಕೇರಿ ಹತ್ತಿರ ಜೋರು ಮಳೆಯಲ್ಲಿ ಬೆಂಗಳೂರಿನವರ ಕಾರೊಂದು ರಾಂಗ್ ಸೈಡಿಗೆ ಬಂದು ನಮ್ಮ ಕಾರಿಗೆ ಗುದ್ದಿತು. ಯಾರಿಗೂ ಪೆಟ್ಟಾಗಿಲ್ಲ. ಕಾರು ಈಗ ಮೈಸೂರಿನ ಶೋರೂಮಿನಲ್ಲಿದೆ, ಪಾರ್ಟ್ಸ್ ಬರಲು ಮೂರು ವಾರ ಅಂತಾರೆ. ಮನೆ ಇರುವುದು ತೋಟದ ಒಳಗೆ. ಅಮ್ಮನನ್ನು ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು. ಅಮೆರಿಕದಲ್ಲಿರುವ ತಂಗಿ, ಇನ್ಶೂರೆನ್ಸ್‌ನವರೇ ಬಾಡಿಗೆ ಕಾರು ಕೊಡ್ತಾರೆ, ಕೇಳು ಅಂತಾಳೆ. ನನ್ನದು ಫುಲ್ ಇನ್ಶೂರೆನ್ಸ್.

ಉತ್ತರ (ವಾಹನ ವಿಮಾ ಸರ್ವೇಯರ್): ತಂಗಿ ಹೇಳಿದ್ದು ಅಲ್ಲಿನ ಮಾತು. ನಮ್ಮಲ್ಲಿ ಫುಲ್ ಇನ್ಶೂರೆನ್ಸ್ ಅಂದರೆ ಮುಖ್ಯವಾಗಿ ಗಾಡಿ ರಿಪೇರಿ ಮತ್ತು ಎದುರಿನವರಿಗಾದ ನಷ್ಟ. ಗಾಡಿ ಇಲ್ಲದ್ದರಿಂದ ನಿಮಗಾಗುವ ಖರ್ಚನ್ನು ಪಾಲಿಸಿಯೇ ಹೊರಗಿಟ್ಟಿದೆ.

ಆದರೂ ಪಾಲಿಸಿ ತೆಗೆದು ಆ್ಯಡ್-ಆನ್ (ಹೆಚ್ಚಿಗೆ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳುವ ರಕ್ಷಣೆ) ಪಟ್ಟಿ ನೋಡಿ. 'ಡೈಲಿ ಅಲೋವನ್ಸ್' ಅಂತಲೋ, ಬದಲಿ ಕಾರಿನ ಬೇರೆ ಯಾವುದೋ ಹೆಸರಲ್ಲೋ ಇದ್ದರೆ ದಿನಕ್ಕಿಷ್ಟು ಅಂತ ಸಿಗುತ್ತದೆ. ಸಾಮಾನ್ಯವಾಗಿ ಮೊದಲ ಕೆಲವು ದಿನ ಲೆಕ್ಕಕ್ಕಿಲ್ಲ, ಒಟ್ಟು ದಿನಗಳಿಗೂ ಮಿತಿ ಇರುತ್ತದೆ. ಇಲ್ಲದಿದ್ದರೆ ಈಗ ಸೇರಿಸಲು ಆಗಲ್ಲ, ರಿನ್ಯೂವಲ್ ಸಮಯದಲ್ಲಿ ಕೇಳಿ. ಶೋರೂಮ್ ಮೈಸೂರಿನಲ್ಲಿ, ಮನೆ ಕಾಫಿ ತೋಟದಲ್ಲಿ ಇರುವವರಿಗೆ ಇದು ದಂಡದ ಖರ್ಚಲ್ಲ ಅಂತ ನನ್ನ ಅಭಿಪ್ರಾಯ.

ಇನ್ನೊಂದು ದಾರಿ ಇದೆ, ನಮ್ಮ ಕಡೆ ಬಹಳ ಜನ ಅದನ್ನು ನೋಡುವುದೇ ಇಲ್ಲ. ತಪ್ಪು ಆ ಕಾರಿನವರದ್ದಾದರೆ ನಿಮ್ಮ ಬಾಡಿಗೆ ಖರ್ಚನ್ನು ಅವರ ಥರ್ಡ್ ಪಾರ್ಟಿ ವಿಮೆಯಿಂದ (ಅವರ ಗಾಡಿಯಿಂದ ಬೇರೆಯವರಿಗಾದ ನಷ್ಟ ತುಂಬುವ ವಿಮೆ) ಕೇಳಬಹುದು. ಕಂಪನಿಗೆ ಸುಮ್ನೆ ಫೋನ್ ಮಾಡಿದರೆ ಕೊಡಲ್ಲ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅವರು ಬೆಂಗಳೂರಿನವರು ಅಂತ ನೀವು ಅಲ್ಲಿಗೆ ಅಲೆಯಬೇಕಿಲ್ಲ. ಅಪಘಾತ ಆದ ಜಾಗದಲ್ಲಿ ಅಥವಾ ನೀವಿರುವ ಊರಿನ ವ್ಯಾಪ್ತಿಯಲ್ಲಿ ಹಾಕಬಹುದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ಇಟ್ಟಿದೆ, ತಡ ಮಾಡಬೇಡಿ. ಪೊಲೀಸ್ ದೂರು ಕೊಟ್ಟಿದ್ದೀರಾ? ಕೊಟ್ಟಿಲ್ಲವಾದರೆ ಮೊದಲು ಆ ಕೆಲಸ.

ಬೇರೆಯವರ ಆಸ್ತಿ ನಷ್ಟಕ್ಕೆ (ನಿಮ್ಮ ಕಾರಿನದ್ದೂ ಇದರಲ್ಲೇ ಬರುತ್ತದೆ) ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆಯಲ್ಲಿ 7.5 ಲಕ್ಷ ರೂಪಾಯಿ ತನಕ ರಕ್ಷಣೆ ಇರುತ್ತದೆ. ಕೆಲವರು ಪ್ರೀಮಿಯಂ ಉಳಿಸಲು 6,000ಕ್ಕೆ ಇಳಿಸಿಕೊಂಡಿರುತ್ತಾರೆ. ಹಾಗಿದ್ದರೆ ಉಳಿದದ್ದನ್ನು ಗಾಡಿ ಮಾಲೀಕರಿಂದಲೇ ಕೇಳಬೇಕು.

ಪ್ರಶ್ನೆ (ಅವರದ್ದೇ): ದೂರು ಕೊಟ್ಟಿದ್ದೇವೆ ಸರ್. ಆದರೆ ರಿಪೇರಿ ನನ್ನ ವಿಮೆಯಲ್ಲೇ ಮಾಡಿಸುತ್ತಿದ್ದೇನಲ್ಲ?

ಉತ್ತರ: ಪರವಾಗಿಲ್ಲ. ರಿಪೇರಿ ದುಡ್ಡನ್ನು ಎರಡು ಕಡೆ ಕೇಳುವ ಹಾಗಿಲ್ಲ, ಅಷ್ಟೇ. ನಿಮ್ಮ ಕಂಪನಿ ಕೊಡದೆ ಉಳಿಸಿದ್ದನ್ನು ಕೇಳಿ. ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಹಾಕಬೇಕಾದ ದುಡ್ಡು, 1500 ಸಿಸಿ ಒಳಗಿನ ಕಾರಿಗೆ 1,000 ರೂಪಾಯಿ. ಝೀರೋ ಡೆಪ್ (ಸವಕಳಿ ಅಂತ ಕಳೆಯದೆ ಬಿಡಿಭಾಗದ ಬೆಲೆ ಕೊಡುವ ಆ್ಯಡ್-ಆನ್) ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗದ ಅರ್ಧ ಬೆಲೆ ನಿಮ್ಮ ಕೈಯಿಂದ ಹೋಗುತ್ತದೆ. ಇವಕ್ಕೆ ಬಾಡಿಗೆ ಸೇರಿಸಿ. ನಾಲ್ಕು ದಿನದ ಟ್ಯಾಕ್ಸಿ ಖರ್ಚಿಗಷ್ಟೇ ಕೇಸ್ ಹಾಕಿ ಅಂತ ನಾನು ಹೇಳಲ್ಲ, ವಕೀಲರ ಫೀಸೇ ಅದಕ್ಕಿಂತ ಜಾಸ್ತಿ ಆಗಬಹುದು. ಎದುರಿನವರು ಮಾತಿಗೆ ಸಿಗುವವರಾದರೆ ಮೊದಲು ಅವರನ್ನೇ ಕೇಳಿ ನೋಡಿ.

ಪ್ರಶ್ನೆ (ಗೋಣಿಕೊಪ್ಪದಿಂದ): ಪಕ್ಕದ ತೋಟದವರ ಕಾರು ಸುಮ್ನೆ ನಿಂತಿದೆ, ದಿನಕ್ಕೆ ಸಾವಿರ ಕೊಟ್ಟರೆ ಕೊಡ್ತಾರೆ. ನಾವೆಲ್ಲ ಹಾಗೇ ಮಾಡೋದು ಅಣ್ಣ.

ಉತ್ತರ: ಮಾಡ್ತಾರೆ, ಗೊತ್ತು. ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಕೊಡುವ ಹಾಗಿಲ್ಲ. ಅದಕ್ಕೆ ಏನಾದರೂ ಆದರೆ ಬಾಡಿಗೆಗೆ ಓಡಿಸಿದ್ದು ಅಂತ ಕಂಪನಿ ಕ್ಲೇಮ್ ತಳ್ಳಿಹಾಕಬಹುದು. ಆಗ ಕಾರೂ ಹೋಯಿತು, ಪಕ್ಕದ ಮನೆಯ ಸ್ನೇಹವೂ ಹೋಯಿತು. ಆ ಸಾವಿರಕ್ಕೆ ಬಿಲ್ಲೂ ಇರಲ್ಲ, ನ್ಯಾಯಮಂಡಳಿ ಮುಂದೆ ಏನು ತೋರಿಸ್ತೀರಿ? ಡ್ರೈವರ್ ಸಮೇತ ಬೇಕಾದರೆ ಹಳದಿ ಬೋರ್ಡ್ ಟ್ಯಾಕ್ಸಿ. ನೀವೇ ಓಡಿಸುವುದಾದರೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರುವ ಗಾಡಿ.

ಪ್ರಶ್ನೆ (ಸುಂಟಿಕೊಪ್ಪದವರು): ಹಾಗಾದರೆ ಕುಶಾಲನಗರದಿಂದ ಟ್ಯಾಕ್ಸಿ ಮಾಡ್ತೇನೆ. ದೊಡ್ಡ ಗಾಡಿ ತಗೊಂಡರೆ ನಡೆಯುತ್ತಾ?

ಉತ್ತರ: ನಿಮ್ಮ ಕಾರಿನ ಮಟ್ಟದ್ದೇ ತಗೊಳ್ಳಿ. ಇನ್ನೋವಾ ಬಿಲ್ ತಂದರೆ ಎದುರು ವಕೀಲರು ಮೊದಲು ಅದನ್ನೇ ಹಿಡಿಯುತ್ತಾರೆ. ಪ್ರತಿ ಬಿಲ್ಲಿನಲ್ಲಿ ನಿಮ್ಮ ಹೆಸರು, ತಾರೀಕು, ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ ಅನ್ನುವುದು ಇರಲಿ. ದುಡ್ಡು ಯುಪಿಐನಲ್ಲಿ ಕೊಡಿ. ಅಮ್ಮನ ಆಸ್ಪತ್ರೆ ಚೀಟಿಗಳನ್ನು ಜೊತೆಗೇ ಇಡಿ. ಕಾರು ಯಾವತ್ತು ಬಂತು, ಯಾವತ್ತು ಸಿದ್ಧವಾಯಿತು ಅಂತ ಶೋರೂಮಿನಿಂದ ಬರೆಸಿಕೊಳ್ಳಿ. ಸಿದ್ಧವಾದ ಮೇಲಿನ ದಿನಗಳ ಬಾಡಿಗೆ ಕೇಳಲು ಬರಲ್ಲ.